ಇಂಗ್ಲೆಂಡಿನ ಹಳ್ಳಿಯ ಬಸ್ಸು: ಮಕ್ಕಳ ಮನೆಗೆ ಹೊರಟಿರುವ ಹಿರಿಯರಿಗಾಗಿ ಒಂದು ವಿಮರ್ಶೆ

ಕಲಬುರಗಿಯಲ್ಲಿ ವೈದ್ಯಕೀಯವನ್ನೋ ನರ್ಸಿಂಗನ್ನೋ ಓದಿದ ಮಕ್ಕಳು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವುದು ನಮ್ಮ ಬಡಾವಣೆಗಳಲ್ಲಿ ಈಗ ಹೊಸ ಸುದ್ದಿಯಲ್ಲ. ಅವರೆಲ್ಲರಿಗೂ ಲಂಡನ್ನಿನಲ್ಲೇ ಕೆಲಸ ಸಿಗುವುದಿಲ್ಲ. ಹಲವರು ಸಣ್ಣ ಊರಿನ ಆಸ್ಪತ್ರೆಗೆ ಸೇರಿ, ಮನೆ ದೊಡ್ಡದೆಂದೋ ಸುತ್ತ ಹಸಿರಿದೆಯೆಂದೋ ಊರಾಚೆಯ ಹಳ್ಳಿಯೊಂದರಲ್ಲಿ ಸಂಸಾರ ಹೂಡುತ್ತಾರೆ. ಆರು ತಿಂಗಳವರೆಗಿನ ಸಂದರ್ಶಕ ವೀಸಾದ ಮೇಲೆ ಅಲ್ಲಿಗೆ ಹೋಗುವ ತಂದೆತಾಯಿಗಳು ಚಳಿ, ಊಟ, ಔಷಧಿಗಳ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಆ ಮನೆಯಿಂದ ಹೊರಗೆ ಹೋಗುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವೇಲ್ಸ್ ಗಡಿಗೆ ಹೊಂದಿಕೊಂಡಿರುವ ಹೆರೆಫರ್ಡ್‌ಶೈರ್ ಕೌಂಟಿಯ ಒಂದು ಹಳ್ಳಿಯಲ್ಲಿ, ಮಗಳ ಮನೆಯಲ್ಲಿದ್ದಾಗ ನಾನು ಬಳಸಿದ ಬಸ್ ಸೇವೆಯ ವಿಮರ್ಶೆಯನ್ನು ಅಂಥವರಿಗಾಗಿ ಬರೆಯುತ್ತಿದ್ದೇನೆ. ಬಸ್ಸಿಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಆ ಬಸ್ಸನ್ನೇ ನಂಬಿಕೊಂಡು ಆ ಹಳ್ಳಿಯಲ್ಲಿ ವಾಸಿಸುವುದಕ್ಕೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಕೊಡಲಾರೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಬಸ್ಸು ನಿಂತ ಕೂಡಲೇ ಚಾಲಕ ಒಂದು ಗುಂಡಿ ಒತ್ತುತ್ತಾನೆ. ಗಾಳಿ ಬಿಡುವ ಸದ್ದಿನೊಂದಿಗೆ ಬಸ್ಸಿನ ಮುಂಭಾಗ ಬಾಗಿಲಿನ ಕಡೆಗೆ ತಗ್ಗುತ್ತದೆ. ಮಂಡಿನೋವಿನ ನಮ್ಮ ಯಜಮಾನರು ಕಂಬಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕಾದ ಪ್ರಮೇಯವೇ ಬರಲಿಲ್ಲ. ಒಳಗೆ ಮುಂದಿನ ಭಾಗದಲ್ಲಿ ಗಾಲಿಕುರ್ಚಿಗೂ ಮಕ್ಕಳ ತಳ್ಳುಗಾಡಿಗೂ ಜಾಗ ಬಿಟ್ಟಿರುತ್ತಾರೆ. ಕಂಡಕ್ಟರ್ ಇರುವುದಿಲ್ಲ, ಟಿಕೆಟ್ಟನ್ನು ಚಾಲಕನೇ ಕೊಡುತ್ತಾನೆ. ಮುದುಕಿಯೊಬ್ಬಳು ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತ ನಿಂತರೂ ಹಿಂದಿನವರು ಗೊಣಗುವುದಿಲ್ಲ, ಆಕೆ ಕುಳಿತುಕೊಳ್ಳುವವರೆಗೆ ಬಸ್ಸು ಕದಲುವುದಿಲ್ಲ. ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ಈ ಪದ್ಧತಿಯನ್ನು ನಾನು ಊರಿಗೆ ಮರಳಿದ ಮೇಲೆ ಸೂಪರ್ ಮಾರ್ಕೆಟ್‌ಗೆ ಹೋಗುವ ಸಿಟಿ ಬಸ್ಸಿನಲ್ಲಿ ಮುಂದುವರಿಸಿದಾಗ ಚಾಲಕರು ನನ್ನನ್ನು ಅನುಮಾನದಿಂದಲೇ ನೋಡಿದರು.

ದರವೂ ಅಲ್ಲಿನ ಲೆಕ್ಕಕ್ಕೆ ದುಬಾರಿಯಲ್ಲ. ಬ್ರಿಟನ್ ಸರ್ಕಾರ 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಲದ ಬಸ್ ಪ್ರಯಾಣಕ್ಕೆ 2 ಪೌಂಡ್ ಗರಿಷ್ಠ ದರವೆಂದು ಗೊತ್ತುಮಾಡಿ, 2025ರ ಜನವರಿಯಿಂದ ಅದನ್ನು 3 ಪೌಂಡಿಗೆ ಏರಿಸಿತು. ಬಹುತೇಕ ಬಸ್ ಕಂಪನಿಗಳು ಇದರಲ್ಲಿ ಸೇರಿವೆ. ದೂರದ ಹಳ್ಳಿಗಳಿಂದ ಬರುವವರಿಗೇ ಇದರ ಲಾಭ ಹೆಚ್ಚು. ನಮ್ಮ ಹಣದಲ್ಲಿ 3 ಪೌಂಡೆಂದರೆ ಮುನ್ನೂರು ರೂಪಾಯಿಗಿಂತ ಮೇಲಾಗುತ್ತದೆ ನಿಜ, ಆದರೆ ಅಲ್ಲಿ ಹೋದ ಮೇಲೆ ಪ್ರತಿಯೊಂದನ್ನೂ ರೂಪಾಯಿಗೆ ತಿರುಗಿಸುತ್ತ ಕುಳಿತರೆ ಒಂದು ಲೋಟ ಚಹಾ ಕೂಡ ಗಂಟಲಲ್ಲಿ ಇಳಿಯುವುದಿಲ್ಲ. ಕಾರ್ಡ್ ತಾಗಿಸಿ ಹಣ ಕೊಡಬಹುದು. ಭಾರತದ ಬ್ಯಾಂಕಿನ ಕಾರ್ಡಾದರೆ ವಿದೇಶಿ ವಿನಿಮಯದ ಶುಲ್ಕ ಬೀಳುತ್ತದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿನ ಪಿಂಚಣಿ ವಯಸ್ಸು ತಲುಪಿದ ನಿವಾಸಿಗಳಿಗೆ ಉಚಿತ ಪಾಸ್ ಇದೆ. 2008ರ ಏಪ್ರಿಲ್‌ನಿಂದ ಅದು ಇಂಗ್ಲೆಂಡಿನಾದ್ಯಂತ ಸ್ಥಳೀಯ ಬಸ್ಸುಗಳಲ್ಲಿ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ 9.30ರ ನಂತರ, ಶನಿವಾರ ಭಾನುವಾರ ಇಡೀ ದಿನ. ಆದರೆ ಅದು ಅಲ್ಲಿಯೇ ನೆಲೆಸಿದವರಿಗೆ. ವೀಸಾದ ಮೇಲೆ ಹೋದ ನಮ್ಮಂಥವರಿಗೆ ಎಷ್ಟೇ ವಯಸ್ಸಾಗಿದ್ದರೂ ಸಿಗುವುದಿಲ್ಲ.

ಇನ್ನು ಮುಖ್ಯ ವಿಷಯ. ಬಸ್ ನಿಲ್ದಾಣವೆಂದರೆ ಹುಲ್ಲಿನ ಅಂಚಿನಲ್ಲಿ ನೆಟ್ಟ ಒಂದು ಕಂಬ. ಕಂಬಕ್ಕೆ ಗಾಜಿನ ಚೌಕಟ್ಟು, ಅದರೊಳಗೆ ತೇವಕ್ಕೆ ಮೂಲೆ ಮಡಚಿಕೊಂಡ ವೇಳಾಪಟ್ಟಿ. ನಾನು ಮೊದಲು ಆ ಕಾಗದ ನೋಡಿದಾಗ ಅಂಕಿಗಳು ಸಾಕಷ್ಟಿದ್ದಂತೆಯೇ ಕಂಡವು. ಆಮೇಲೆ ಕೆಳಗಿನ ಸಣ್ಣ ಅಕ್ಷರಗಳ ಟಿಪ್ಪಣಿಗಳನ್ನು ಮಗಳು ಓದಿ ತಿಳಿಸಿದಳು: ಈ ಗುರುತಿದ್ದರೆ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ, ಆ ಗುರುತಿದ್ದರೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಭಾನುವಾರವೂ ಸಾರ್ವಜನಿಕ ರಜೆಯ ದಿನಗಳಲ್ಲೂ ಸೇವೆ ಇಲ್ಲ. ಟಿಪ್ಪಣಿಗಳನ್ನು ಕಳೆದು ನೋಡಿದರೆ, ಸಾಮಾನ್ಯ ದಿನದಲ್ಲಿ ಪೇಟೆಗೆ ಹೋಗುವ ಮೊದಲ ಬಸ್ಸು ಒಂಬತ್ತೂವರೆ ದಾಟಿದ ಮೇಲೆ, ಪೇಟೆಯಿಂದ ಹಿಂದಿರುಗುವ ಕೊನೆಯ ಬಸ್ಸು ಸಂಜೆ ಐದಕ್ಕೂ ಮುಂಚೆ. ಉಚಿತ ಪಾಸಿನ ಹಿರಿಯರೇ ಮುಖ್ಯ ಪ್ರಯಾಣಿಕರಾದ ಕಾರಣ ಬಸ್ಸಿನ ವೇಳೆಯೂ ಪಾಸಿನ ವೇಳೆಗೆ ಹೊಂದಿಕೊಂಡಂತೆ ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಈ ಬಸ್ಸು ಇದ್ದೂ ಇಲ್ಲದಂತೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸುತ್ತದೆ. ಚಿತ್ತಾಪುರ, ಸೇಡಂ ತಾಲ್ಲೂಕುಗಳ ಹಳ್ಳಿಗಳಿಗೆ ವಸ್ತಿ ಬಸ್ಸು ಬರುತ್ತದೆ. ರಾತ್ರಿ ಊರಲ್ಲೇ ತಂಗಿ, ನಸುಕಿನಲ್ಲಿ ಕಾಲೇಜಿನ ಮಕ್ಕಳನ್ನೂ ಹಾಲಿನ ಕ್ಯಾನುಗಳನ್ನೂ ಕೋರ್ಟು ಕಚೇರಿಯ ಕೆಲಸವಿದ್ದವರನ್ನೂ ತುಂಬಿಕೊಂಡು ಪೇಟೆಗೆ ಹೊರಡುತ್ತದೆ. ಹಳ್ಳಿಯವನ ದಿನ ಹಳ್ಳಿಯಿಂದ ಆರಂಭವಾಗುತ್ತದೆ ಎಂಬ ತಿಳಿವಳಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ. ಇಂಗ್ಲೆಂಡಿನ ಆ ಬಸ್ಸು ಪೇಟೆಯಲ್ಲಿ ಮಲಗಿ, ಪೇಟೆಯಿಂದ ಹೊರಟು, ಬಿಡುವಾದಾಗ ಹಳ್ಳಿಯ ಕಡೆ ಬಂದು ಹೋಗುತ್ತದೆ. ಆ ಸೇವೆಯನ್ನು ರೂಪಿಸಿದವರು ದುಡಿಯುವ ವಯಸ್ಸಿನ ಪ್ರತಿಯೊಬ್ಬರ ಬಳಿಯೂ ಕಾರಿದೆಯೆಂದು ಮೊದಲೇ ಲೆಕ್ಕ ಹಾಕಿಕೊಂಡಂತಿದೆ, ಮತ್ತು ಆ ಲೆಕ್ಕ ಬಹುಮಟ್ಟಿಗೆ ಸರಿಯೂ ಹೌದು: ಆ ಬೀದಿಯಲ್ಲಿ ಮನೆಯ ಮುಂದೆ ಎರಡು ಕಾರು ನಿಲ್ಲದ ಮನೆ ನನಗೆ ಕಾಣಲಿಲ್ಲ.

ಹೀಗಾಗಲು ಕಾರಣಗಳು ಹಳೆಯವು. 1963ರಲ್ಲಿ ಬ್ರಿಟಿಷ್ ರೈಲ್ವೆಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ ಕೊಟ್ಟ ವರದಿ, ನಷ್ಟದಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಮುಂದಿನ ವರ್ಷಗಳಲ್ಲಿ ಹಳ್ಳಿಗಾಡಿನ ಕವಲು ಮಾರ್ಗಗಳು ಒಂದೊಂದಾಗಿ ಹೋದವು. ಹಲವು ಕಡೆ ಹಳಿ ಕಿತ್ತ ಆ ಜಾಡುಗಳು ಈಗ ನಡಿಗೆಯ, ಸೈಕಲ್ಲಿನ ದಾರಿಗಳಾಗಿವೆ. ರೈಲು ಹೋದ ಮೇಲೆ ಬಸ್ಸಾದರೂ ಉಳಿಯಬೇಕಿತ್ತು. 1985ರ ಸಾರಿಗೆ ಕಾಯ್ದೆ 1986ರ ಅಕ್ಟೋಬರ್ 26ರಂದು ಜಾರಿಗೆ ಬಂದಾಗ, ಲಂಡನ್ನಿನ ಹೊರಗೆ ಬಸ್ ಓಡಿಸುವುದನ್ನು ಕಂಪನಿಗಳ ಲಾಭನಷ್ಟಕ್ಕೆ ಬಿಡಲಾಯಿತು. ಲಾಭವಿಲ್ಲದಿದ್ದರೂ ಜನರಿಗೆ ಬೇಕಾದ ಮಾರ್ಗಗಳಿಗೆ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆ, ಹಣ ಕೊಡಬೇಕು. 2010ರ ನಂತರ ಕೌನ್ಸಿಲ್‌ಗಳ ಅನುದಾನಕ್ಕೆ ಕತ್ತರಿ ಬಿದ್ದಾಗ ಮೊದಲು ಬಡವಾದದ್ದು ಇಂಥ ಮಾರ್ಗಗಳೇ. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನಮ್ಮ ಸಾರಿಗೆ ನಿಗಮ 2000ದಲ್ಲಿ ಈಶಾನ್ಯ ಎಂಬ ಹೆಸರಿನಲ್ಲಿ ಆರಂಭವಾಗಿ ಈಗ ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ನಡೆಯುತ್ತಿದೆ. ಬೆಂಗಳೂರಿನ ಮಾರ್ಗದಲ್ಲಿ ಬಂದದ್ದನ್ನು ಹಳ್ಳಿಯ ಮಾರ್ಗದಲ್ಲಿ ಕಳೆಯುವ ಸ್ವಾತಂತ್ರ್ಯ ಇಂಥ ಒಂದೇ ಸಂಸ್ಥೆಗಿರುತ್ತದೆ. ಮಾರ್ಗ ಮಾರ್ಗಕ್ಕೂ ಬೇರೆ ಲೆಕ್ಕ ಬರೆಯುವ ಕಡೆ ಹಳ್ಳಿಯ ಬಸ್ಸು ಪ್ರತಿ ವರ್ಷ ತನ್ನ ಅಗತ್ಯವನ್ನು ರುಜುವಾತು ಮಾಡುತ್ತಿರಬೇಕಾಗುತ್ತದೆ.

ಈ ವಿಷಯ ಹೇಳಿದಾಗ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಕೇಳಿದ ಪ್ರಶ್ನೆ ಸಹಜವಾದದ್ದೇ: "ಅಲ್ರೀ ಅಕ್ಕಾರ, ಬಸ್ ಇಲ್ಲಂದ್ರ ಟಂಟಂ ಆದ್ರೂ ಇರ್ತಾವಲ್ರೀ?" ಇರುವುದಿಲ್ಲ. ಜನರನ್ನು ತುಂಬಿಕೊಂಡು ಹೋಗುವ ಟಂಟಂ ಆಟೋ ಇಲ್ಲ, ಕ್ರೂಸರ್ ಜೀಪು ಇಲ್ಲ, ಕೈ ಮಾಡಿದರೆ ಹಿಂದೆ ಕೂರಿಸಿಕೊಳ್ಳುವ ಬೈಕಿನ ಹುಡುಗರೂ ಇಲ್ಲ. ಟ್ಯಾಕ್ಸಿ ಇದೆ, ಆದರೆ ಫೋನು ಮಾಡಿ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು; ಬೆಳಗ್ಗೆ ಮತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಅವು ಶಾಲಾ ಮಕ್ಕಳನ್ನು ಒಯ್ಯುವ ಗುತ್ತಿಗೆಯಲ್ಲಿ ತೊಡಗಿರುತ್ತವೆ. ಎಂಟು ವರ್ಷದೊಳಗಿನ ಮಗುವಿನ ಮನೆ ಶಾಲೆಯಿಂದ ಎರಡು ಮೈಲಿಗಿಂತ ದೂರವಿದ್ದರೆ, ದೊಡ್ಡ ಮಗುವಾದರೆ ಮೂರು ಮೈಲಿಗಿಂತ ದೂರವಿದ್ದರೆ, ಹತ್ತಿರದ ತಕ್ಕ ಶಾಲೆಗೆ ಉಚಿತವಾಗಿ ಕರೆದೊಯ್ಯುವುದು ಅಲ್ಲಿ ಕೌನ್ಸಿಲ್‌ನ ಕಾನೂನುಬದ್ಧ ಹೊಣೆ. ಆದ್ದರಿಂದ ಟ್ಯಾಕ್ಸಿಯವರಿಗೆ ಆ ಹೊತ್ತಿನಲ್ಲಿ ನಮ್ಮ ಬಾಡಿಗೆ ಬೇಕಿಲ್ಲ.

ಬಸ್ಸು ಬಾರದಿದ್ದರೆ ನಡೆದು ಹೋಗಬಹುದಲ್ಲ ಎಂದರೆ, ನಡಿಗೆಯ ಕಷ್ಟವನ್ನು ಅಲ್ಲಿಗೆ ಹೋಗಿಯೇ ತಿಳಿಯಬೇಕು. ಹಳ್ಳಿಯಿಂದ ಹೊರಬಿದ್ದ ಕೂಡಲೇ ಪಾದಚಾರಿ ಮಾರ್ಗ ಮುಗಿಯುತ್ತದೆ. ರಸ್ತೆಯ ಎರಡೂ ಬದಿಗೆ ಆಳೆತ್ತರಕ್ಕಿಂತ ಹೆಚ್ಚಿನ ಬೇಲಿಗಿಡಗಳು, ಮಧ್ಯದಲ್ಲಿ ಒಂದು ಕಾರು ಹೋಗುವಷ್ಟೇ ಜಾಗ, ಪ್ರತಿ ತಿರುವಿನಲ್ಲೂ ಎದುರಿನದು ಕಾಣದ ಸ್ಥಿತಿ. ಅಂಥ ರಸ್ತೆಗಳಲ್ಲಿ ಬೇರೆ ಫಲಕ ಇಲ್ಲದಿದ್ದರೆ ಕಾರಿಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದ ಮಿತಿ. ತಿಳಿದವರು ಅಷ್ಟು ವೇಗದಲ್ಲಿ ಬರುವುದಿಲ್ಲವಾದರೂ ಎಲ್ಲರೂ ತಿಳಿದವರಲ್ಲ. ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ವಾಹನಗಳಿಗೆ ಮುಖಮಾಡಿ ನಡೆಯಬೇಕೆಂದು ಅಲ್ಲಿನ ಹೈವೇ ಕೋಡ್ ಹೇಳುತ್ತದೆ. ಕಾರಿನ ಸದ್ದು ಕೇಳಿದಾಗಲೆಲ್ಲ ಬೇಲಿಯ ಮುಳ್ಳಿಗೆ ಬೆನ್ನು ಒತ್ತಿ ನಿಲ್ಲುವುದು, ಕಾರಿನವರು ನಿಧಾನಿಸಿ ಕೈ ಎತ್ತುವುದು, ನಾವೂ ಕೈ ಎತ್ತುವುದು: ಮೊದಲ ಸಲ ಇದು ಸೌಜನ್ಯವೆನಿಸಿತು, ಆಮೇಲೆ ನನ್ನ ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿಹಾಕಿಕೊಂಡಾಗ ಸೌಜನ್ಯಕ್ಕಿಂತ ಎರಡಡಿ ಅಗಲದ ಫುಟ್‌ಪಾತ್ ಮೇಲೆನಿಸಿತು.

ಆದರೆ ಹೊಲಗಳೊಳಗಿನ ಕಾಲುದಾರಿಗಳ ಮಾತೇ ಬೇರೆ, ಅವನ್ನು ಹೊಗಳದೆ ಇರಲಾರೆ. ಅಲ್ಲಿ ಖಾಸಗಿ ಹೊಲದ ಮಧ್ಯದಲ್ಲಿ ಹಾದುಹೋಗುವ ಹಾದಿಯ ಮೇಲೂ ಸಾರ್ವಜನಿಕರಿಗೆ ಕಾನೂನಿನ ಹಕ್ಕಿರುತ್ತದೆ. ಗೇಟಿನ ಕಂಬದ ಮೇಲೆ ಹಳದಿ ಬಾಣದ ಗುರುತಿದ್ದರೆ ಅದು ನಡೆಯುವವರ ದಾರಿ, ನೀಲಿಯಾದರೆ ಕುದುರೆ ಸವಾರರೂ ಹೋಗಬಹುದು. ಹೆರೆಫರ್ಡ್ ತಳಿಯ ಬಿಳಿ ಮುಖದ ಕೆಂಪು ದನಗಳನ್ನು, ಸೇಬಿನ ತೋಟಗಳನ್ನು ನೋಡುತ್ತ ಗಂಟೆಗಟ್ಟಲೆ ಹೋಗಬಹುದು. ಬೇಲಿ ದಾಟಲು ಇಟ್ಟ ಮರದ ಮೆಟ್ಟಿಲನ್ನು ಸೀರೆಯುಟ್ಟು ಹತ್ತಿಳಿಯುವುದು ಆಗದ ಮಾತು. ಸಲ್ವಾರ್ ಅಥವಾ ಪ್ಯಾಂಟು, ಮೊಣಕಾಲವರೆಗಿನ ರಬ್ಬರ್ ಬೂಟು ಬೇಕು. ಈ ದಾರಿಗಳು ಆರೋಗ್ಯಕ್ಕೂ ಮನಸ್ಸಿಗೂ ಒಳ್ಳೆಯವು, ಆದರೆ ಕಿರಾಣಿ ಅಂಗಡಿಗೆ, ಔಷಧಿ ಅಂಗಡಿಗೆ ಕರೆದೊಯ್ಯುವುದಿಲ್ಲ. ನಮ್ಮ ಹಳ್ಳಿಯಲ್ಲಿದ್ದ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಉಳಿದಿದ್ದವು ಒಂದು ಚರ್ಚು, ಸಂಜೆ ತೆರೆಯುವ ಒಂದು ಪಬ್ಬು ಮತ್ತು ಒಂದು ಕೆಂಪು ಟೆಲಿಫೋನ್ ಪೆಟ್ಟಿಗೆ. ಟೆಲಿಫೋನ್ ಕಂಪನಿ ಬೇಡವೆಂದು ಬಿಟ್ಟ ಇಂಥ ಪೆಟ್ಟಿಗೆಗಳನ್ನು ಊರಿನವರು 1 ಪೌಂಡಿಗೆ ಕೊಳ್ಳಬಹುದು. ನಮ್ಮದರಲ್ಲಿ ಹೃದಯ ನಿಂತವರಿಗೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನೂ, ಕೆಳಗಿನ ಹಲಗೆಯ ಮೇಲೆ ಓದಿ ಬಿಟ್ಟ ಪುಸ್ತಕಗಳನ್ನೂ ಇಟ್ಟಿದ್ದರು. ದಿನಸಿಯನ್ನು ದೊಡ್ಡ ಸೂಪರ್‌ಮಾರ್ಕೆಟ್‌ಗಳ ವ್ಯಾನು ಮನೆಗೇ ತಂದುಕೊಡುತ್ತದೆ. ಜೋಳದ ಹಿಟ್ಟು ಬೇಕೆಂದರೆ ಮಾತ್ರ ಬರ್ಮಿಂಗ್‌ಹ್ಯಾಮಿನಂಥ ದೊಡ್ಡ ಊರಿನ ದಾರಿ ಹಿಡಿಯಬೇಕು. ತೊಗರಿಬೇಳೆಯಂತೂ ಇಲ್ಲಿಂದಲೇ ಒಯ್ದದ್ದು.

ಈ ಎಲ್ಲ ತೊಡಕುಗಳ ಫಲ ಮನೆಯೊಳಗೆ ಕಾಣುತ್ತದೆ, ಮತ್ತು ಅದನ್ನು ಹೇಳುವುದಕ್ಕಾಗಿಯೇ ಈ ಬರಹ. ಕಲಬುರಗಿಯಲ್ಲಿ ನಾನು ನಿವೃತ್ತಳಾದ ಮೇಲೆ ಯಾರನ್ನೂ ಕೇಳದೆ ತಿರುಗುವುದನ್ನು ರೂಢಿಸಿಕೊಂಡವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲಂತೂ ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ಹಿಡಿದು ಗಾಣಗಾಪುರಕ್ಕೋ, ತಂಗಿಯ ಊರಿಗೋ ಹೋಗಿಬರುತ್ತೇನೆ. ಬೆಳಗ್ಗೆ ಮನಸ್ಸು ಬಂದರೆ ಮಧ್ಯಾಹ್ನದೊಳಗೆ ಅಲ್ಲಿರುತ್ತೇನೆ, ಯಜಮಾನರಿಗೆ ಹೊಸ್ತಿಲು ದಾಟುವಾಗ ಹೇಳಿದರೆ ಸಾಕು. ಮಗಳ ಮನೆಯಲ್ಲಿ ಒಂದು ಚಪ್ಪಲಿ ಕೊಳ್ಳುವುದಕ್ಕೂ ಆಕೆಯ ಪಾಳಿಯ ಪಟ್ಟಿ ನೋಡಬೇಕಾಗುತ್ತಿತ್ತು. ಫ್ರಿಜ್‌ನ ಬಾಗಿಲಿಗೆ ಅಂಟಿಸಿದ ಆ ಪಟ್ಟಿಯಲ್ಲಿ ಹಗಲು ಪಾಳಿಗೆ ಹಳದಿ, ರಾತ್ರಿ ಪಾಳಿಗೆ ನೀಲಿ, ಬಿಡುವಿನ ದಿನಕ್ಕೆ ಖಾಲಿ ಚೌಕ. ಖಾಲಿ ಚೌಕಗಳಲ್ಲೇ ನಮ್ಮ ದೇವಸ್ಥಾನ, ಕಣ್ಣಿನ ಡಾಕ್ಟರು, ಪೇಟೆ, ಮೊಮ್ಮಗನ ಈಜು ಎಲ್ಲವೂ ಹಿಡಿಸಬೇಕು. "ಅವ್ವಾ, ಗುರುವಾರ ಡ್ಯೂಟಿ ಇಲ್ಲ, ಅವತ್ತು ಹೋಗೋಣಂತ" ಎಂದು ಆಕೆ ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೆ ರಾತ್ರಿ ಪಾಳಿ ಮುಗಿಸಿ ಬಂದ ಮಗಳನ್ನು ಎಬ್ಬಿಸಿ ಕಾರು ತೆಗೆಯೆಂದು ಹೇಳಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಬೇಕಾದದ್ದನ್ನು ಬೇಡವೆನ್ನುತ್ತ ಹೋಗುತ್ತೇವೆ. ಅಲ್ಲಿ ನಮಗೆ ಕೊರತೆಯಾದದ್ದು ಹೊರಗೆ ಹೋಗುವ ಅವಕಾಶವಲ್ಲ, ಮಗಳು ಅಳಿಯ ನಮ್ಮನ್ನು ಸಾಕಷ್ಟು ತಿರುಗಿಸಿದರು. ಕೊರತೆಯಾದದ್ದು ಹೇಳದೆ ಕೇಳದೆ ಹೊರಬೀಳುವ ಸ್ವಾತಂತ್ರ್ಯ.

ಬಸ್ಸು ಆ ಸ್ವಾತಂತ್ರ್ಯವನ್ನು ಸ್ವಲ್ಪಮಟ್ಟಿಗೆ ಕೊಡುತ್ತದೆ, ಬಂದರೆ. ಒಂದು ಬೆಳಗ್ಗೆ ನಾವಿಬ್ಬರೂ ಕಂಬದ ಬಳಿ ಮಳೆಯಲ್ಲಿ ನಿಂತೇ ನಿಂತೆವು. ಚಾಲಕರ ಕೊರತೆಯಿಂದ ಆ ದಿನದ ಸೇವೆ ರದ್ದಾಗಿತ್ತಂತೆ. ಆ ವಿಷಯ ಕಂಪನಿಯ ಆ್ಯಪ್‌ನಲ್ಲಿ ಇತ್ತು, ಕಂಬದ ಮೇಲೆ ಇರಲಿಲ್ಲ. ನಗರದಲ್ಲಿ ಒಂದು ಬಸ್ಸು ತಪ್ಪಿದರೆ ಹತ್ತು ನಿಮಿಷ ನಷ್ಟ, ಇಲ್ಲಿ ಅರ್ಧ ದಿನ ನಷ್ಟ. ಹಿಂದಿರುಗುವ ಕೊನೆಯ ಬಸ್ಸೇ ರದ್ದಾದರೆ ಏನು ಗತಿ ಎಂಬ ಅಳುಕಿನಿಂದ ನಾವು ಆಮೇಲೆ ಪೇಟೆಯಲ್ಲಿ ನೆಮ್ಮದಿಯಾಗಿ ಕುಳಿತು ಚಹಾ ಕುಡಿದದ್ದೇ ಕಡಿಮೆ. ಈ ಒಂದು ಕಾರಣಕ್ಕೇ ಅರ್ಧ ಅಂಕ ಕಳೆದಿದ್ದೇನೆ.

ಇದು ವಿದೇಶದಿಂದ ಹೋದವರ ಕಷ್ಟ ಮಾತ್ರ ಎಂದು ತಿಳಿಯಬಾರದು. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿತ್ತು. ಅಲ್ಲಿ 70 ತುಂಬಿದ ಮೇಲೆ ಚಾಲನಾ ಪರವಾನಗಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಮತ್ತು ಕಾರು ಓಡಿಸುವವರು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲವರಾಗಿರಬೇಕು. ಆಕೆ ಆಗಾಗ ತನ್ನ ಗೇಟಿನ ಬಳಿ ನಿಂತು, ನಮ್ಮ ಅಳಿಯನ ಕಾರಿನ ನಂಬರನ್ನು ಮೆಲ್ಲಗೆ ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. ಆ ನಂಬರ್ ಆಕೆಗೆ ಎಂದೋ ಬಾಯಿಪಾಠವಾಗಿತ್ತು ಎಂಬುದು ಅಳಿಯನ ಅನುಮಾನ. ಕಾರು ಬಿಟ್ಟರೆ ಆ ಮನೆಯನ್ನೂ ಬಿಡಬೇಕಾಗುತ್ತದೆ ಎಂದು ಆಕೆ ನಮ್ಮ ಮಗಳ ಬಳಿ ಹೇಳಿಕೊಂಡಿದ್ದಳು. ಇಂಥವರಿಗಾಗಿ ಊರಿನ ಸ್ವಯಂಸೇವಕರು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಹಲವು ಕಡೆ ಇದೆ, ಮತ್ತು ಸ್ವಯಂಸೇವಕ ಚಾಲಕರು ಓಡಿಸುವ ಸಮುದಾಯ ಬಸ್ಸುಗಳಿಗೆ ಅದೇ 1985ರ ಕಾಯ್ದೆಯಲ್ಲಿ ಅವಕಾಶವೂ ಇದೆ. ಆ ಸ್ವಯಂಸೇವಕರೂ ಹೆಚ್ಚಾಗಿ ನಿವೃತ್ತರೇ.

ನೀವೇ ಕಾರು ಓಡಿಸಬಹುದೇ ಎಂದರೆ, ಕಾನೂನಿನಂತೆ ಓಡಿಸಬಹುದು. ಚಾಲ್ತಿಯಲ್ಲಿರುವ ಭಾರತದ ಪರವಾನಗಿ ಇದ್ದರೆ ಸಂದರ್ಶಕರು 12 ತಿಂಗಳವರೆಗೆ ಅಲ್ಲಿ ಕಾರು ನಡೆಸಬಹುದು, ನಮ್ಮಲ್ಲಿಯಂತೆಯೇ ಎಡಬದಿಯ ಸಂಚಾರ. ಆದರೆ ಮಗಳ ಕಾರಿನ ವಿಮೆಯಲ್ಲಿ ನಿಮ್ಮ ಹೆಸರು ಸೇರಬೇಕು, ಅದಕ್ಕೆ ಕೊಡಬೇಕಾದ ಹಣವನ್ನು ಮೊದಲೇ ವಿಚಾರಿಸಿ. ಜಗತ್ ವೃತ್ತದ ಸಂದಣಿಯಲ್ಲಿ ನಲವತ್ತು ವರ್ಷ ಸ್ಕೂಟರ್ ನಡೆಸಿದ ನಮ್ಮ ಯಜಮಾನರು, ಆ ಬೇಲಿಗಳ ನಡುವಿನ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಅಳಿಯ ಬಹಳ ದೂರ ಹಿಂದಕ್ಕೆ ಕಾರು ನಡೆಸಿದ್ದನ್ನು ಕಂಡು, ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಹಾಗೆಂದು ನಮ್ಮ ಊರನ್ನು ಹೊಗಳಿ ಕೂರುವ ಹಾಗೂ ಇಲ್ಲ. ರಿಂಗ್ ರೋಡ್ ದಾಟಿ ಹೊಲಗಳಲ್ಲಿ ಏಳುತ್ತಿರುವ ಲೇಔಟ್‌ಗಳಲ್ಲಿ ನಿವೇಶನ ಕೊಳ್ಳುವವರು ರಸ್ತೆ ನಲವತ್ತಡಿಯೋ ಮೂವತ್ತಡಿಯೋ ಎಂದು ಅಳೆದು ನೋಡುತ್ತಾರೆ. ಸಿಟಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳುವವರನ್ನು ನಾನು ಕಂಡಿಲ್ಲ. ಮಕ್ಕಳು ಹೊರದೇಶದಲ್ಲಿದ್ದು, ಅಂಥ ಕಡೆ ದೊಡ್ಡ ಮನೆ ಕಟ್ಟಿಸಿಕೊಂಡು ಇಬ್ಬರೇ ಉಳಿದಿರುವ ಹಿರಿಯರಿಗೆ ಇಂಗ್ಲೆಂಡಿನ ಹಳ್ಳಿ ಅಷ್ಟೇನೂ ಅಪರಿಚಿತ ಎನಿಸಲಾರದು. ಅವರಿಗೆ ಆಟೋವಾದರೂ ಫೋನಿಗೆ ಬರುತ್ತದೆ.

ಹೊರಡುವವರು ಮಕ್ಕಳನ್ನು ಮೊದಲೇ ಕೇಳಬೇಕಾದದ್ದು ಇಷ್ಟು. ಮನೆಯಿಂದ ನಿಲ್ದಾಣದ ಕಂಬದವರೆಗೆ ಫುಟ್‌ಪಾತ್ ಇದೆಯೇ. ಶಾಲೆಗೆ ರಜೆಯಿರುವಾಗಲೂ ಓಡುವ ಬಸ್ಸುಗಳು ಯಾವುವು. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದಾದರೂ ಅಂಗಡಿ ಇದೆಯೇ. ಮಕ್ಕಳು ಇನ್ನೂ ಮನೆ ಹುಡುಕುತ್ತಿದ್ದರೆ, ಒಂದು ಕೋಣೆ ಕಡಿಮೆಯಾದರೂ ಪೇಟೆಯೊಳಗೇ ಮಾಡಿಕೊಳ್ಳಿರೆಂದು ಹೇಳಲು ಸಂಕೋಚಪಡಬೇಡಿ. ಹೋಗುವುದಾದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಜೂನಿನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗಿ, ಬೀದಿದೀಪವಿಲ್ಲದ ಆ ರಸ್ತೆಗಳಲ್ಲಿ ಕೊನೆಯ ಬಸ್ಸಿನಿಂದ ಇಳಿದು ಮನೆ ಸೇರುವುದೇ ಒಂದು ಸಾಹಸ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಒಂದನ್ನು ಹೋದ ದಿನವೇ ಕೊಳ್ಳಿ. ಮತ್ತು ವಿಮಾನದ ಟಿಕೆಟ್ ತೆಗೆಯುವಾಗ ಭಾನುವಾರ ಹೀಥ್ರೂನಲ್ಲಿ ಇಳಿಯದಂತೆ ನೋಡಿಕೊಳ್ಳಿ: ದೊಡ್ಡ ಊರಿನವರೆಗೆ ಕೋಚ್ ಬಸ್ಸೋ ರೈಲೋ ಸಿಗುತ್ತದೆ, ಅಲ್ಲಿಂದ ಹಳ್ಳಿಗೆ ಆ ದಿನ ಏನೂ ಸಿಗುವುದಿಲ್ಲ, ಪಾಳಿಯಲ್ಲಿರುವ ಮಗಳು ರಜೆ ಹಾಕಬೇಕಾಗುತ್ತದೆ.